ಐಟಿನರಿ ಕೇಳಿದವರಿಗೆ: ಸಿಂಗಾಪುರದ ನನ್ನ ಶೀಟ್‌ನಲ್ಲಿ ಇಲ್ಲದೇ ಇದ್ದ ಒಂದು ಕಾಲಂ

1/8

ಫ್ರೆಂಡ್ಸ್, ಸ್ಟೋರಿ ಹಾಕಿದ ದಿನದಿಂದ ಇನ್‌ಬಾಕ್ಸ್‌ನಲ್ಲಿ ಒಂದೇ ಮಾತು. "ಐಟಿನರಿ ಕಳ್ಸೇ." ಅರ್ಧ ಜನ ನಮ್ಮ ಕ್ಲಾಸಿನವರೇ. ಯಾಕೆ ಅಂತ ನನಗೆ ಗೊತ್ತು. ಎಲ್ಲರ ಮನೆಯಲ್ಲೂ ಇದೇ ಕತೆ ತಾನೇ? ದೊಡ್ಡವರು "ಈ ಸಲ ಫಾರಿನ್ ಹೋಗೋಣ" ಅಂತ ತೀರ್ಮಾನ ಮಾಡ್ತಾರೆ. ಆಮೇಲೆ ನಮ್ಮ ಕಡೆ ತಿರುಗಿ, "ಮೂರು ಹೊತ್ತೂ ಫೋನ್ ಹಿಡ್ಕೊಂಡು ಕೂತಿರ್ತೀಯಲ್ಲ, ನೀನೇ ಪ್ಲಾನ್ ಮಾಡು" ಅಂತಾರೆ. ಟಿಕೆಟ್ ದುಡ್ಡು ಭಾವಂದು, ಬ್ಯಾಗ್ ತುಂಬೋದು ಅಮ್ಮ, ಗೂಗಲ್ ಶೀಟ್ ನಮ್ಮದು.

ನನ್ನ ಶೀಟ್ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಐದು ದಿನ, ಹತ್ತೊಂಬತ್ತು ಜಾಗ, ಪ್ರತಿ ಜಾಗಕ್ಕೂ ಒಂದೊಂದು ಬಣ್ಣ. ಹೊರಟಿದ್ದು ಆರು ಜನ: ಅಮ್ಮ, ಅಕ್ಕ, ಭಾವ, ನಾನು, ಆರು ವರ್ಷದ ಚಿನ್ನು, ಎರಡೂಕಾಲು ವರ್ಷದ ಪುಟ್ಟಿ. ಅಪ್ಪ ಮಾತ್ರ "ಅಂಗಡಿ ಯಾರು ನೋಡ್ತಾರೆ" ಅಂತ ಮೈಸೂರಲ್ಲೇ ಉಳಿದ್ರು.

ವಾಪಸ್ ಬಂದ ಮೇಲೆ ಎಲ್ಲರ ಫೋನಿನ ಫೋಟೋನೂ ಒಂದೇ ಫೋಲ್ಡರ್‌ಗೆ ಹಾಕಿದೆ. ಸಾವಿರದ ನೂರ ನಲವತ್ತು ಫೋಟೋ. ಅಕ್ಕ ಇರೋದು ಮೂವತ್ತೊಂದರಲ್ಲಿ. ಆ ಮೂವತ್ತೊಂದರಲ್ಲಿ ಇಪ್ಪತ್ತೆರಡರಲ್ಲಿ ಪುಟ್ಟಿ ಅವಳ ಸೊಂಟದ ಮೇಲೆ. ಈ ಪೋಸ್ಟ್‌ನ ಮೊದಲನೇ ಫೋಟೋ ನೋಡಿ. ಹಿಂದೆ ಮರೀನಾ ಬೇ ಮಿರಮಿರ ಮಿಂಚ್ತಿದೆ, ಮುಂದೆ ನಾನು ಪೋಸ್ ಕೊಡ್ತಿದೀನಿ. ಎಡಗಡೆ ಮೂಲೆಯಲ್ಲಿ ಅರ್ಧ ಕಾಣ್ತಿರೋ ಬೆನ್ನು ಅಕ್ಕಂದು. ಬಗ್ಗಿ ಡೈಪರ್ ಬ್ಯಾಗಲ್ಲಿ ಏನೋ ಹುಡುಕ್ತಿದಾಳೆ.

ಹಾಗಾಗಿ ಆ ಶೀಟನ್ನ ಇದ್ದ ಹಾಗೆ ಯಾರಿಗೂ ಕಳ್ಸಲ್ಲ. ಅದರಲ್ಲಿ ಏನು ತಪ್ಪಿತ್ತು ಅಂತ ಮೊದಲು ಹೇಳ್ತೀನಿ.

2/8

ಮೊದಲ ತಪ್ಪು ಫ್ಲೈಟಿಂದು. ಬೆಂಗಳೂರಿಂದ ಸಿಂಗಾಪುರಕ್ಕೆ ನಾಲ್ಕೂವರೆ ಗಂಟೆ ದಾರಿ. ರಾತ್ರಿ ಹೊರಟ್ರೆ ಬೆಳಗಾಗೋ ಹೊತ್ತಿಗೆ ಇಳೀಬಹುದು, ಟಿಕೆಟ್ಟೂ ಕಮ್ಮಿ, ಒಂದು ರಾತ್ರಿಯ ಹೋಟೆಲ್ ಬಾಡಿಗೆನೂ ಉಳಿಯುತ್ತೆ. ಲೆಕ್ಕದಲ್ಲಿ ಗೆದ್ದೆ ಅಂದ್ಕೊಂಡೆ. ಇಳಿದಾಗ ಬೆಳಗ್ಗೆ ಆರು, ಹೋಟೆಲ್ ರೂಮ್ ಕೊಡೋದು ಮಧ್ಯಾಹ್ನ ಮೂರಕ್ಕೆ. ನಡುವೆ ಒಂಬತ್ತು ಗಂಟೆ ಇದೆ, ಇಬ್ಬರು ಮಕ್ಕಳಿಗೂ ನಿದ್ದೆ ಇಲ್ಲ. ನನ್ನ ಶೀಟ್‌ನಲ್ಲಿ ಆ ಹೊತ್ತಿಗೆ "ಜ್ಯುವೆಲ್, ಜಲಪಾತ" ಅಂತ ಇತ್ತು. ಚಾಂಗಿ ಏರ್‌ಪೋರ್ಟ್ ಪಕ್ಕದಲ್ಲೇ ಇರೋ ಆ 40 ಮೀಟರ್ ಎತ್ತರದ ಒಳಾಂಗಣ ಜಲಪಾತ ನಿಜಕ್ಕೂ ನೋಡಬೇಕಾದ್ದು. ಆದ್ರೆ ನಾವು ಹೋದಾಗ ನೀರು ಇನ್ನೂ ಬಿಟ್ಟೇ ಇರಲಿಲ್ಲ. ಖಾಲಿ ಗಾಜಿನ ಗುಮ್ಮಟದ ಕೆಳಗೆ ಪುಟ್ಟಿ ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತಳು. ಅಕ್ಕ ಪಕ್ಕದಲ್ಲಿ ಕೂತಳು. ನಾವು ಕಾಫಿ ಹುಡುಕೋಕೆ ಹೋದ್ವಿ.

ಎರಡು ವರ್ಷ ತುಂಬಿದ ಮಗುವಿಗೆ ವಿಮಾನದಲ್ಲಿ ಪೂರ್ತಿ ಸೀಟು ತಗೋಬೇಕು, ಮಡಿಲಲ್ಲಿ ಕೂರಿಸೋ ಹಾಗಿಲ್ಲ. ಅಂದ್ರೆ ಪುಟ್ಟಿ ಟಿಕೆಟ್‌ಗೂ ದುಡ್ಡು ಕೊಟ್ಟಿದ್ವಿ. ಅವಳು ಆ ಸೀಟಲ್ಲಿ ಹತ್ತು ನಿಮಿಷ ಕೂತಿದ್ರೆ ಹೆಚ್ಚು. ಮಿಕ್ಕಿದ್ದೆಲ್ಲಾ ಅಕ್ಕನ ಮೇಲೆ.

ಕಾಗದಪತ್ರದ ವಿಷಯ ಬೇಗ ಮುಗಿಸ್ತೀನಿ. ನಮಗೆ ವೀಸಾ ಬೇಕು. ಅದನ್ನ ಅಧಿಕೃತ ಏಜೆಂಟ್ ಮೂಲಕ ಹಾಕ್ಬೇಕು, ಅರ್ಜಿ ಶುಲ್ಕ 30 ಸಿಂಗಾಪುರ ಡಾಲರ್, ಏಜೆಂಟ್ ಚಾರ್ಜ್ ಬೇರೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಇಲ್ಲೇ ಮಕ್ಕಳಿರೋ ಮನೆಯವರು ಎಡವೋದು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತೆ, ದೊಡ್ಡವರ ಹಾಗೆ ಹತ್ತು ವರ್ಷ ಇರಲ್ಲ. ಚಿನ್ನುಗೆ ಒಂದು ವರ್ಷ ಆಗಿದ್ದಾಗ ಮಾಡಿಸಿದ್ದು ಮುಗಿದೇ ಹೋಗಿತ್ತು. ಇನ್ನೊಂದು, ಎಸ್‌ಜಿ ಅರೈವಲ್ ಕಾರ್ಡ್. ಇಳಿಯೋ ದಿನವೂ ಸೇರಿ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬ್ಬೇಕು, ಮಕ್ಕಳಿಗೂ. ಅದು ಪೂರ್ತಿ ಉಚಿತ. ದುಡ್ಡು ಕೇಳೋ ವೆಬ್‌ಸೈಟ್ ಕಂಡ್ರೆ ತಕ್ಷಣ ಮುಚ್ಚಿ.

ಮತ್ತೆ ಅಮ್ಮಂದಿರ ಬ್ಯಾಗ್ ಒಂದ್ಸಲ ನೋಡಿ. ನಮ್ಮಮ್ಮ ಅಡುಗೆ ಸಾಮಾನಿನ ಜೊತೆ ಗಸಗಸೆ ಕಟ್ಟಿಟ್ಟಿದ್ರು. ಸಿಂಗಾಪುರಕ್ಕೆ ಗಸಗಸೆಯನ್ನ ಹಾಗೇ ತಗೊಂಡು ಹೋಗೋ ಹಾಗಿಲ್ಲ, ಅಲ್ಲಿ ಅದು ಮಾದಕ ವಸ್ತು ಇಲಾಖೆಯ ಅನುಮತಿ ಬೇಕಾಗೋ ಪದಾರ್ಥ. ಹೊರಡೋ ಮಧ್ಯಾಹ್ನ ಅದನ್ನ ಹೊರಗೆ ತೆಗೆಸಿದೆ. "ಗಸಗಸೆಗೂ ಪೊಲೀಸಾ?" ಅಂತ ಅಮ್ಮ ಇವತ್ತಿಗೂ ನಂಬಿಲ್ಲ. ಚಟ್ನಿಪುಡಿ ಮಾತ್ರ ಧೈರ್ಯವಾಗಿ ಬಂತು.

3/8

ಎರಡನೇ ದಿನ ಭಾನುವಾರ. ಒಂದು ದೊಡ್ಡ ಥೀಮ್ ಪಾರ್ಕ್. ಶೀಟ್‌ನಲ್ಲಿ ಅತಿ ದುಬಾರಿ ಸಾಲು ಅದೇ, ಹಾಗಾಗಿ ಬೆಳಗ್ಗೆ ಹತ್ತರಿಂದ ರಾತ್ರಿವರೆಗೂ ದುಡ್ಡು ವಸೂಲಿ ಅಂತ ಬರೆದಿದ್ದೆ.

ಅಲ್ಲಿ ಎಲ್ಲ ಆಟಕ್ಕೂ ಬಾಗಿಲಲ್ಲೇ ಎತ್ತರದ ಅಳತೆಗೋಲು. ಚಿನ್ನು ಕೆಲವಕ್ಕೆ ಪಾಸ್, ಪುಟ್ಟಿ ಹೆಚ್ಚುಕಮ್ಮಿ ಎಲ್ಲದಕ್ಕೂ ಫೇಲ್. ಚಿನ್ನು ಜೊತೆ ಒಬ್ಬ ದೊಡ್ಡವರು ಹೋಗ್ಬೇಕು, ಭಾವ ಹೋದ್ರು. ನಾನಂತೂ ಒಂದೇ ರೋಲರ್ ಕೋಸ್ಟರ್ ಮೂರು ಸಲ ಹತ್ತಿದೆ, ಒಬ್ಬರೇ ಇರೋರಿಗೆ ಸಾಲು ಬೇಗ ಸಾಗ್ತಿತ್ತು. ಅಮ್ಮನಿಗೆ ಮಂಡಿನೋವು, ನೆರಳಲ್ಲಿ ಕೂತಿದ್ರು. ಸಮಭಾಜಕ ವೃತ್ತದಿಂದ ಬರೀ ನೂರ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಊರು ಅದು. ಮೇ ತಿಂಗಳ ಬಿಸಿಲಿಗಿಂತ ಹೆಚ್ಚಾಗಿ ಆ ತೇವ ಮನುಷ್ಯನನ್ನ ಸುಸ್ತು ಮಾಡುತ್ತೆ. ಮೈಸೂರಿನ ಒಣ ಬೇಸಿಗೆ ಅಭ್ಯಾಸ ಇರೋರಿಗೆ ಒಂದು ಗಂಟೆಯಲ್ಲೇ ಬಟ್ಟೆ ಮೈಗೆ ಅಂಟುತ್ತೆ. ಎರಡು ಗಂಟೆ ಹೊತ್ತಿಗೆ ಗುಡುಗು ಶುರುವಾಗಿ ಹೊರಗಿನ ಆಟಗಳೆಲ್ಲ ನಿಂತವು. ಅಲ್ಲಿ ವರ್ಷದ ಯಾವ ತಿಂಗಳಲ್ಲಾದ್ರೂ ಮಳೆ ಬರಬಹುದು, ಮಧ್ಯಾಹ್ನದ ಗುಡುಗು ಅಲ್ಲಿನವರಿಗೆ ಮಾಮೂಲು. ನನ್ನ ಶೀಟ್‌ನಲ್ಲಿ ಮಳೆ ಅನ್ನೋ ಪದವೇ ಇರಲಿಲ್ಲ.

ಮೂರನೇ ಸಲ ಇಳಿದು ಬಂದು ನೋಡ್ತೀನಿ, ಅಕ್ಕ ಶೌಚಾಲಯದ ಪಕ್ಕದ ಬೆಂಚಿನ ಮೇಲೆ ಕೂತಿದಾಳೆ. ಪುಟ್ಟಿ ಸ್ಟ್ರೋಲರ್‌ನಲ್ಲಿ ಮಲಗಿದೆ. ಅಕ್ಕ ಒಂದು ಕೈಯಲ್ಲಿ ಸ್ಟ್ರೋಲರ್ ಅಲ್ಲಾಡಿಸ್ತಾ ಇನ್ನೊಂದು ಕೈಯಲ್ಲಿ ತಣ್ಣಗಾದ ಆಲೂಗಡ್ಡೆ ಫ್ರೈಸ್ ತಿಂತಿದ್ಲು. ಚಿನ್ನು ಬಿಟ್ಟಿದ್ದು.

"ನೀನೂ ಒಂದ್ಸಲ ಹೋಗಿ ಬಾ ಅಕ್ಕ" ಅಂದೆ.

"ಇವಳು ಎದ್ರೆ?" ಅಂದ್ಲು.

"ನಾನು ಇರ್ತೀನಲ್ಲ" ಅನ್ನಬೇಕಿತ್ತು ನಾನು. ಅನ್ನಲಿಲ್ಲ. ಭಾವ ಫೋನ್ ಮಾಡಿ "ಬೇಗ ಬಾ, ಶೋ ಶುರುವಾಗ್ತಿದೆ" ಅಂದ್ರು, ಓಡಿದೆ. ಅಕ್ಕನ ಟಿಕೆಟ್‌ಗೂ ನಮ್ಮಷ್ಟೇ ದುಡ್ಡು ಕೊಟ್ಟಿದ್ವಿ ಅನ್ನೋದು ರಾತ್ರಿ ಲೆಕ್ಕ ಬರೆಯೋವಾಗ ಹೊಳೀತು.

4/8

ಅವತ್ತು ರಾತ್ರಿ ರೂಮಲ್ಲಿ ಜಗಳ ಅಂತ ಏನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಜಗಳ ಆಗಲ್ಲ, ಎಲ್ಲರೂ ಸುಮ್ಮನಾಗ್ತಾರೆ, ಅದೇ ಜಗಳ. ನಾನು ನಾಳಿನ ಪ್ಲಾನ್ ಓದ್ತಿದ್ದೆ. ಎಂಟಕ್ಕೆ ತಿಂಡಿ, ಎಂಟೂವರೆಗೆ ಬಿಡೋದು. ಅಕ್ಕ ಪುಟ್ಟಿ ಬಟ್ಟೆ ಸಿಂಕ್‌ನಲ್ಲಿ ಒಗೀತಿದ್ದೋಳು ತಿರುಗಿ ನೋಡದೇ ಕೇಳಿದ್ಲು, "ಇದರಲ್ಲಿ ಪುಟ್ಟಿ ಯಾವಾಗ ಮಲಗ್ತಾಳೆ ಅಂತ ಬರ್ದಿದೀಯಾ?"

ಇಲ್ಲ.

"ಅವಳು ಮಲಗಿದಾಗ ಪಕ್ಕದಲ್ಲಿ ಯಾರಿರ್ತಾರೆ ಅಂತ?"

ಅದೂ ಇಲ್ಲ. ಬರೀಬೇಕು ಅಂತ ಯಾರಿಗೂ ಅನಿಸಿರಲಿಲ್ಲ, ಯಾಕಂದ್ರೆ ಉತ್ತರ ಎಲ್ಲರಿಗೂ ಗೊತ್ತಿತ್ತು.

ಭಾವ ಒಳ್ಳೆಯವರು, ನಿಜವಾಗ್ಲೂ. "ಸರಿ, ನಾಳೆ ಅತ್ತೆ ನೋಡ್ಕೋತಾರೆ, ನೀನು ಸುತ್ತಾಡು" ಅಂದ್ರು. ಅಮ್ಮ ಕೂಡಲೇ "ಅದಕ್ಕೇನಂತೆ" ಅಂದ್ರು. ಅಕ್ಕ ನಲ್ಲಿ ನಿಲ್ಲಿಸಿ, "ಅಮ್ಮನೂ ಟ್ರಿಪ್‌ಗೇ ಬಂದಿರೋದು ರೀ" ಅಂದ್ಲು. ಅಷ್ಟೇ. ಮತ್ತೆ ನಲ್ಲಿ ಬಿಟ್ಲು.

ಇದನ್ನ ಇಷ್ಟು ಉದ್ದ ಬರೀತಿರೋದು ಯಾಕೆ ಅಂದ್ರೆ, ನಮ್ಮಲ್ಲಿ ಪರಿಹಾರ ಅನ್ನೋದು ಯಾವಾಗ್ಲೂ ಹೀಗೇ ಬರುತ್ತೆ. ಅಮ್ಮನ ಕೆಲಸ ಕಮ್ಮಿ ಮಾಡೋಕೆ ಅಜ್ಜಿನ ಹಿಡೀತೀವಿ. ಭಾವನ ಹೆಸರೂ ಬರಲ್ಲ, ನನ್ನ ಹೆಸರೂ ಬರಲ್ಲ. ಹತ್ತೊಂಬತ್ತು ವರ್ಷದ, ಎರಡೂ ಮಂಡಿ ಗಟ್ಟಿ ಇರೋ ಚಿಕ್ಕಿ ಇದ್ದೂ, ಐವತ್ತೆಂಟು ವರ್ಷದವರು ಮಗು ಎತ್ಕೋಬೇಕು ಅಂತ ಎಲ್ಲರೂ ಒಪ್ಪಿಬಿಟ್ಟಿದ್ವಿ.

ರಾತ್ರಿ ಹನ್ನೊಂದಕ್ಕೆ ಶೀಟ್ ತೆಗೆದು ಒಂದು ಕಾಲಂ ಸೇರಿಸಿದೆ. ಹೆಸರು: "ಮಗು ಯಾರ ಹತ್ರ". ದಿನವನ್ನ ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೂ ಒಂದು ಹೆಸರು ಹಾಕ್ದೆ. ಹೆಸರು ತುಂಬೋಕೆ ಕೂತಾಗ ಹತ್ತೊಂಬತ್ತು ಜಾಗದಲ್ಲಿ ಹನ್ನೊಂದು ತಾವಾಗೇ ಬಿದ್ದುಹೋದವು. ಹೊಣೆ ಹೊರೋಕೆ ಯಾರೂ ಇಲ್ಲದ ಜಾಗಕ್ಕೆ ಹೋಗೋದು ಹೇಗೆ?

5/8

ಮೂರನೇ ದಿನದಿಂದ ನಡೆದಿದ್ದನ್ನ ಹೇಳ್ತೀನಿ. ನಿಮಗೆ ಉಪಯೋಗಕ್ಕೆ ಬರೋ ಭಾಗ ಇದೇ.

ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ನಾನು ಇದನ್ನ ಗಡಿಯಾರದ ವಿಷಯ ಅಂದ್ಕೊಂಡಿದ್ದೆ. ಮಕ್ಕಳಿರೋ ಮನೆಗೆ ಇಡೀ ಟ್ರಿಪ್ಪೇ ಇದರ ಮೇಲೆ ನಿಂತಿದೆ. ಊರಲ್ಲಿ ರಾತ್ರಿ ಒಂಬತ್ತಕ್ಕೆ ಮಲಗೋ ಮಗುವಿಗೆ ಅಲ್ಲಿ ಹನ್ನೊಂದೂವರೆವರೆಗೂ ನಿದ್ದೆ ಬರಲ್ಲ. ಬೆಳಗ್ಗೆ ಏಳಕ್ಕೆ ಏಳೋ ಮಗು ಅಲ್ಲಿ ಒಂಬತ್ತೂವರೆಗೆ ಏಳುತ್ತೆ. ನಾನು ಎಂಟೂವರೆಗೆ ಬಿಡೋದು ಅಂತ ಬರ್ದಿದ್ದೆನಲ್ಲ, ಪುಟ್ಟಿ ಪ್ರಕಾರ ಅದು ಬೆಳಗಿನ ಜಾವ ಆರು! ಐದು ದಿನಕ್ಕೋಸ್ಕರ ಮಗುವಿನ ನಿದ್ದೆ ತಿದ್ದೋಕೆ ಹೋಗ್ಬೇಡಿ. ಊರಿನ ಟೈಮಲ್ಲೇ ಬಿಡಿ. ಹನ್ನೊಂದಕ್ಕೆ ಹೊರಡಿ, ಬಿಸಿಲು ಮಳೆ ಹೊತ್ತಲ್ಲಿ ಒಳಗಿರಿ, ಸಂಜೆ ಮತ್ತೆ ಹೊರಗೆ ಬನ್ನಿ. ಗಾರ್ಡನ್ಸ್ ಬೈ ದ ಬೇಯಲ್ಲಿ ಆ ದೊಡ್ಡ ಸೂಪರ್‌ಟ್ರೀಗಳ ಕೆಳಗೆ ದಿನಾ ಸಂಜೆ 7:45ಕ್ಕೂ 8:45ಕ್ಕೂ ಬೆಳಕು ಮತ್ತು ಸಂಗೀತದ ಶೋ ಇರುತ್ತೆ, ಟಿಕೆಟ್ ಇಲ್ಲ. ಎರಡನೇ ಶೋ ಅಂದ್ರೆ ಪುಟ್ಟಿ ಲೆಕ್ಕದಲ್ಲಿ ಸಂಜೆ ಆರೂಕಾಲು, ಅವಳು ಫುಲ್ ಫಾರ್ಮಲ್ಲಿರೋ ಹೊತ್ತು. ನೆಲದ ಮೇಲೆ ಟವೆಲ್ ಹಾಸಿ ಮಲಗಿ ನೋಡಿದ್ವಿ. ಅದು ನಮ್ಮ ಟ್ರಿಪ್‌ನ ಅತಿ ಅಗ್ಗದ ಸಂಜೆ. ಚಿನ್ನು ಊರಿಗೆ ಬಂದು ಸ್ನೇಹಿತರಿಗೆ ಹೇಳಿದ ಮೊದಲ ಕತೆನೂ ಅದೇ.

ಆ ಸೋಮವಾರ ಇನ್ನೊಂದು ಎಡವಟ್ಟೂ ಆಯ್ತು. ಅಲ್ಲೇ ಮಕ್ಕಳ ತೋಟ ಇದೆ, ನೀರಾಟದ ಜಾಗ, ಅದೂ ಉಚಿತ. ಸ್ವಿಮ್ಮಿಂಗ್ ಬಟ್ಟೆ ಹಾಕಿಸ್ಕೊಂಡೇ ಹೋದ್ವಿ. ಸೋಮವಾರ ಬಾಗಿಲು ಹಾಕಿರುತ್ತೆ! ಬೊಟಾನಿಕ್ ಗಾರ್ಡನ್ ಒಳಗಿರೋ ಮಕ್ಕಳ ತೋಟಕ್ಕೂ ಸೋಮವಾರವೇ ರಜೆ. ಹೊರಗೆ ನಿಂತು ಅತ್ತ ಚಿನ್ನುನ ಸಮಾಧಾನ ಮಾಡಿದ್ದು ನಾನು, ಯಾಕಂದ್ರೆ ಆ ಹೊತ್ತಿಗೆ ಕಾಲಂನಲ್ಲಿ ನನ್ನ ಹೆಸರಿತ್ತು. ಇಬ್ಬರನ್ನೂ ಡಬಲ್ ಡೆಕರ್ ಬಸ್ ಹತ್ತಿಸಿ ಮೇಲಿನ ಮುಂದಿನ ಸೀಟಲ್ಲಿ ಕೂರಿಸ್ದೆ. ಕೊನೇ ಸ್ಟಾಪ್‌ವರೆಗೆ ಹೋಗಿ ಅದೇ ನಂಬರ್ ಬಸ್ಸಲ್ಲಿ ವಾಪಸ್ ಬಂದ್ವಿ. ಎಸಿ, ದೊಡ್ಡ ಗಾಜು, ಕೆಳಗೆ ಇಡೀ ಊರು. ಇದನ್ನ ಯಾವ ರೀಲ್‌ನಲ್ಲೂ ಯಾರೂ ತೋರಿಸಿರಲಿಲ್ಲ. ಹಿಂದಿನ ದಿನದ ಪಾರ್ಕ್‌ಗಿಂತ ಇದೇ ಚೆನ್ನಾಗಿತ್ತು ಅಂತ ಚಿನ್ನು ಅಂದಾಗ ಭಾವನ ಮುಖ ನೋಡ್ಬೇಕಿತ್ತು.

ಬಸ್ಸು, ಎಂಆರ್‌ಟಿ ಬಗ್ಗೆ ಒಂದೆರಡು ಮಾತು. 90 ಸೆಂಟಿಮೀಟರ್‌ಗಿಂತ ಕಮ್ಮಿ ಎತ್ತರದ ಮಗುವಿಗೆ ದೊಡ್ಡವರ ಜೊತೆ ಉಚಿತ. ಅದಕ್ಕಿಂತ ಎತ್ತರ ಇದ್ದು ಏಳು ವರ್ಷ ತುಂಬದವರಿಗೂ ಉಚಿತವೇ, ಆದ್ರೆ ಅದಕ್ಕೆ ಕನ್ಸೆಷನ್ ಕಾರ್ಡ್ ಬೇಕು. ದೊಡ್ಡವರು ಟ್ಯಾಪ್ ಮಾಡೋ ಬ್ಯಾಂಕ್ ಕಾರ್ಡಲ್ಲೇ ಹೋಗಬಹುದು, ಆದ್ರೆ ಒಬ್ಬರಿಗೆ ಒಂದೇ ಕಾರ್ಡ್. ಒಂದೇ ಕಾರ್ಡನ್ನ ನಾಲ್ಕು ಸಲ ಬಡಿದು ನಾಲ್ಕು ಜನ ಒಳಗೆ ಹೋಗೋಕೆ ಆಗಲ್ಲ. ಸ್ಟೇಷನ್‌ಗಳಲ್ಲಿ ಲಿಫ್ಟ್ ಇರುತ್ತೆ, ಸ್ಟ್ರೋಲರ್ ಹೊತ್ತು ಮೆಟ್ಟಿಲು ಹತ್ತೋ ಕಷ್ಟ ಇಲ್ಲ.

ರೈಲಿನೊಳಗೆ ತಿನ್ನೋ ಹಾಗಿಲ್ಲ, ಕುಡಿಯೋ ಹಾಗಿಲ್ಲ, ನೀರೂ ಸೇರಿ. ದಂಡ 500 ಡಾಲರ್‌ವರೆಗೂ ಇದೆ. ಎರಡು ವರ್ಷದ ಮಗುವಿಗೆ ಇದನ್ನ ಯಾವ ಭಾಷೆಯಲ್ಲಿ ಹೇಳ್ತೀರ? ಪುಟ್ಟಿ ಬಿಸ್ಕತ್ತಿಗೆ ಅಳ್ತಿದ್ರೆ ಇಡೀ ಬೋಗಿ ನೋಡ್ತಿತ್ತು. ಹತ್ತೋಕೆ ಮುಂಚೆ ಪ್ಲಾಟ್‌ಫಾರ್ಮಲ್ಲೂ ಅಲ್ಲ, ಸ್ಟೇಷನ್ ಹೊರಗೇ ತಿನ್ನಿಸಿ ಕರ್ಕೊಂಡು ಹೋಗಿ.

ಟ್ಯಾಕ್ಸಿ ಬೇಕಾದ್ರೆ ಇನ್ನೊಂದು ಸೂಕ್ಷ್ಮ ಇದೆ. 1.35 ಮೀಟರ್‌ಗಿಂತ ಚಿಕ್ಕ ಮಕ್ಕಳಿಗೆ ಕಾರಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ರಸ್ತೆಯಲ್ಲಿ ಸಿಗೋ ಮಾಮೂಲಿ ಟ್ಯಾಕ್ಸಿಗೆ ವಿನಾಯಿತಿ ಇದೆ, ಆದ್ರೆ ಆ್ಯಪ್‌ನಲ್ಲಿ ಬರೋ ಖಾಸಗಿ ಕಾರಿಗೆ ಇಲ್ಲ. ಚೈಲ್ಡ್ ಸೀಟ್ ಇರೋ ಕಾರನ್ನೇ ಬೇರೆಯಾಗಿ ಬುಕ್ ಮಾಡ್ಬೇಕು. ಮಾಡ್ದೇ ಇದ್ರೆ ಡ್ರೈವರ್ ನೋಡಿ ಹಾಗೇ ಹೊರಟು ಹೋಗ್ತಾನೆ. ನಮ್ಮ ಮೊದಲ ಇಬ್ಬರು ಹೋದ್ರು. ತಪ್ಪು ಅವರದ್ದಲ್ಲ.

6/8

ಊಟದ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಟ್ರಿಪ್ ಅಂದ್ರೆ ಅಲ್ಲಿನದ್ದೇ ತಿನ್ಬೇಕು, ದೋಸೆ ಹುಡುಕೋರು ಟೂರಿಸ್ಟೇ ಅಲ್ಲ ಅಂತ ನಾನೂ ಭಾಷಣ ಮಾಡಿದ್ದೋಳು. ಮಕ್ಕಳ ಜೊತೆ ಹೋದಾಗ ಆ ಭಾಷಣ ಬೇಡ. ನಾವು ಲಿಟ್ಲ್ ಇಂಡಿಯಾದಲ್ಲೇ ರೂಮ್ ಮಾಡಿದ್ದು ನನ್ನ ಶೀಟ್‌ನ ಏಕೈಕ ಸರಿಯಾದ ತೀರ್ಮಾನ, ಅದೂ ಬಾಡಿಗೆ ಕಮ್ಮಿ ಅಂತ ಆಗಿದ್ದು. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರೋ ಕೋಮಲ ವಿಲಾಸ್ ಇದೆ. ಟೆಕ್ಕಾ ಸೆಂಟರ್‌ನಲ್ಲಿ ಒಂದು ಕಡೆ ತರಕಾರಿ ಮೀನು ಮಾರ್ಕೆಟ್, ಇನ್ನೊಂದು ಕಡೆ ಸಾಲು ಸಾಲು ತಿಂಡಿ ಅಂಗಡಿ. ಪುಟ್ಟಿಗೆ ಬೆಳಗ್ಗೆ ಇಡ್ಲಿ ಹೊಟ್ಟೆಗೆ ಬಿದ್ರೆ ಅಕ್ಕನಿಗೆ ಮಧ್ಯಾಹ್ನದವರೆಗೂ ಉಸಿರು. ಆಮೇಲೆ ನಾವು ದೊಡ್ಡವರು ಏನು ಬೇಕಾದ್ರೂ ತಿನ್ನಬಹುದು. ತಿಂದ ಮೇಲೆ ಟ್ರೇ ಎತ್ತಿ ನಾವೇ ವಾಪಸ್ ಇಡ್ಬೇಕು, ಅದು ಅಲ್ಲಿ ಕಾನೂನು. ಚಿನ್ನು ಅದನ್ನ ಆಟ ಅಂದ್ಕೊಂಡು ಪಕ್ಕದ ಟೇಬಲ್‌ನವರ ಟ್ರೇನೂ ಎತ್ತೋಕೆ ಹೋಗಿದ್ದ!

ಅಮ್ಮನಿಗಂತೂ ಆ ಊರು ಅರ್ಧ ಗಂಟೆಯಲ್ಲಿ ನಮ್ಮೂರಾಯ್ತು. ಅಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳೂ ಒಂದು, ಬೋರ್ಡ್‌ಗಳಲ್ಲೂ ಇರುತ್ತೆ. ಅಮ್ಮನಿಗೆ ತಮಿಳು ಅರೆಬರೆ ಬರುತ್ತೆ. ಮಂಗಳವಾರ ಬೆಳಗ್ಗೆ ಒಬ್ಬರೇ ವೀರಮಾಕಾಳಿ ಅಮ್ಮನ್ ದೇವಸ್ಥಾನಕ್ಕೆ ಹೋಗಿ, ಹೂವಿನ ಅಂಗಡಿಯವರ ಹತ್ರ ಮೊಳದ ಲೆಕ್ಕ ಮಾತಾಡಿ, ಮಲ್ಲಿಗೆ ಮುಡ್ಕೊಂಡು ಬಂದ್ರು. ಅಷ್ಟು ದಿನದಲ್ಲಿ ಅಮ್ಮ ಯಾರನ್ನೂ ಕಾಯದೆ, ಯಾರಿಗೂ ಕಾಯಿಸದೆ ಮಾಡಿದ ಮೊದಲ ಕೆಲಸ ಅದು. ಕಾಲಂನಲ್ಲಿ ಆ ಹೊತ್ತಿಗೆ ಭಾವನ ಹೆಸರಿತ್ತು.

ಕಾಂಬೋ ಟಿಕೆಟ್‌ಗಳ ಬಗ್ಗೆ ಎಚ್ಚರ. ಝೂ ಮತ್ತು ನೈಟ್ ಸಫಾರಿ ಎರಡೂ ಮಂಡಾಯ್‌ನಲ್ಲೇ ಇದೆ, ಅಕ್ಕಪಕ್ಕ. ಹಾಗಾಗಿ ಬೆಳಗ್ಗೆ ಒಂದು ರಾತ್ರಿ ಒಂದು ಅಂತ ನಾನೂ ಒಟ್ಟಿಗೆ ಹಾಕಿದ್ದೆ. ಊರ ಒಂದು ತುದಿ ಅದು, ಝೂ ಬಾಗಿಲವರೆಗೆ ಎಂಆರ್‌ಟಿ ಇಲ್ಲ. ಮಕ್ಕಳನ್ನ ಬೆಳಗಿಂದ ರಾತ್ರಿವರೆಗೂ ಅಲ್ಲೇ ಇಟ್ಕೊಳ್ಳೋದು ಅಂದ್ರೆ ಯಾರೋ ಒಬ್ಬರು ಆ ನಡುವಿನ ನಾಲ್ಕು ಗಂಟೆ ಮಲಗಿರೋ ಮಗುನ ಹೆಗಲ ಮೇಲೆ ಹಾಕ್ಕೊಂಡು ಕೂರೋದು ಅಂತ ಅರ್ಥ. ನಾವು ಝೂ ಮಾತ್ರ ನೋಡಿದ್ವಿ. ಒರಾಂಗುಟಾನ್ ತಲೆ ಮೇಲೆ ಹಗ್ಗದಲ್ಲಿ ಹೋಗೋದನ್ನ ನೋಡ್ತಾ ಪುಟ್ಟಿ ಇಪ್ಪತ್ತು ನಿಮಿಷ ಕದಲಲಿಲ್ಲ. ಶೀಟ್ ಪ್ರಕಾರ ಅಲ್ಲಿ ಐದು ನಿಮಿಷ ಇತ್ತು. ಅಲ್ಲೇ ಇದ್ವಿ.

7/8

ಇನ್‌ಬಾಕ್ಸ್‌ನಲ್ಲಿ ಬಂದ ಎರಡು ವಾದಕ್ಕೆ ಉತ್ತರ ಹೇಳಿಬಿಡ್ತೀನಿ.

ಒಂದು, "ಅಷ್ಟು ಚಿಕ್ಕ ಮಕ್ಕಳಿಗೆ ನೆನಪೇ ಇರಲ್ಲ, ಯಾಕೆ ಅಷ್ಟು ಖರ್ಚು?" ಪುಟ್ಟಿಗೆ ನೆನಪಿರಲ್ಲ, ಒಪ್ಪಿದೆ. ಆದ್ರೆ ಹಾಗೆ ನೋಡಿದ್ರೆ ಪುಟ್ಟಿಗೆ ಆರು ವರ್ಷ ಆಗೋವರೆಗೂ ಅಕ್ಕ ಎಲ್ಲೂ ಹೋಗೋ ಹಾಗಿಲ್ಲ. ಮಗು ನೆನಪಿಟ್ಕೊಳ್ಳುತ್ತೋ ಇಲ್ವೋ ಅಂತಲೇ ಯಾಕೆ ಎಲ್ಲರೂ ಕೇಳ್ತೀರ, ಅಮ್ಮನ ನೆನಪಲ್ಲಿ ಏನು ಉಳೀತು ಅಂತ ಒಬ್ಬರೂ ಕೇಳಲ್ಲ? ನನ್ನ ಅಕ್ಕನಿಗೆ ಸಿಂಗಾಪುರ ಅಂದ್ರೆ ಶೌಚಾಲಯದ ಪಕ್ಕದ ಬೆಂಚು ಆಗೋದ್ರಲ್ಲಿತ್ತು.

ಇನ್ನೊಂದು ನಮ್ಮ ಕ್ಲಾಸಿನ ಒಬ್ಬ ಮಹಾನುಭಾವನದ್ದು. ಹೆಸರು ಹೇಳಲ್ಲ, ಓದ್ತಿರ್ತಾನೆ. "ಮಗು ಅಮ್ಮನ್ನೇ ಹುಡುಕುತ್ತೆ, ಅದು ನೇಚರ್ ಕಣೇ, ಓವರ್ ಥಿಂಕ್ ಮಾಡ್ಬೇಡ." ಹುಡುಕುತ್ತೆ, ನಿಜ. ಮೊದಲ ದಿನ ಭಾವನ ಹತ್ರ ಬಿಟ್ಟಾಗ ಪುಟ್ಟಿ ಹದಿನೈದು ನಿಮಿಷ ಅತ್ತಳು. ಎರಡನೇ ದಿನ ಐದು ನಿಮಿಷ. ಮೂರನೇ ದಿನ ಅಕ್ಕ ಟಾಟಾ ಮಾಡಿದ್ರೆ ತಿರುಗಿಯೂ ನೋಡಲಿಲ್ಲ, ಅಕ್ಕನಿಗೇ ಬೇಜಾರಾಯ್ತು. ಹದಿನೈದು ನಿಮಿಷದ ಅಳು ತಡ್ಕೊಳ್ಳೋಕೆ ಆಗದೆ ನಾವು ಎರಡು ವರ್ಷದಿಂದ ನೇಚರ್ ಅಂತ ಹೇಳ್ಕೊಂಡು ಕೂತಿದ್ವಿ.

ಹಾಗಂತ ಎಲ್ಲ ಸುಸೂತ್ರವಾಗಿ ನಡೀತು ಅಂತಲ್ಲ. ನನ್ನ ಪಾಳಿಯಲ್ಲಿ ಪುಟ್ಟಿ ಒಂದು ಚಪ್ಪಲಿ ಕಳ್ಕೊಂಡ್ಲು. ಭಾವ ಡೈಪರ್ ಹಿಂದುಮುಂದು ಹಾಕಿದ್ರು. ಒಂದು ಮಧ್ಯಾಹ್ನ ನನಗೆ ನಿಜಕ್ಕೂ ಸಾಕಾಗಿ ಹೋಯ್ತು. ಫ್ರೆಂಡ್ ಹೇಳಿದ್ದ ಹಾಜಿ ಲೇನ್‌ಗೆ ಹೋಗಿ ಫೋಟೋ ತೆಗೀಬೇಕಿತ್ತು, ಆದ್ರೆ ರೂಮಲ್ಲಿ ಕತ್ತಲು ಮಾಡ್ಕೊಂಡು ಮಲಗಿರೋ ಮಗು ಪಕ್ಕ ಕೂತಿದ್ದೆ. ಫೋನ್ ಬೆಳಕಿಗೂ ಏಳುತ್ತೆ ಅಂತ ಫೋನೂ ಮುಟ್ಟಲಿಲ್ಲ. ಎರಡು ಗಂಟೆ. ಅಕ್ಕ ಇದನ್ನ ದಿನಾ ಮಾಡ್ತಾಳೆ ಅಂತ ಮೊದಲೂ ಗೊತ್ತಿತ್ತು. ಆದ್ರೆ ಆ ಎರಡು ಗಂಟೆ ಅಷ್ಟು ಉದ್ದ ಇರುತ್ತೆ ಅಂತ ಗೊತ್ತಿರಲಿಲ್ಲ.

8/8

ಬುಧವಾರದ ವಿಷಯ ಹೇಳಿ ನಿಲ್ಲಿಸ್ತೀನಿ.

ಶೀಟ್‌ನ ಹೊಸ ಕಾಲಂ ತುಂಬೋವಾಗ ಅಕ್ಕನ್ನ ಕೇಳಿದ್ದೆ, "ನಿನಗೆ ಖಾಲಿ ಇರೋ ಹೊತ್ತಲ್ಲಿ ಎಲ್ಲಿಗೆ ಹೋಗ್ತೀಯ?" ಶಾಪಿಂಗ್ ಅಂತಾಳೆ ಅಂದ್ಕೊಂಡಿದ್ದೆ. "ಆರ್ಕಿಡ್ ಗಾರ್ಡನ್" ಅಂದ್ಲು. ಅಕ್ಕ ಬಿಎಸ್ಸಿಯಲ್ಲಿ ಬಾಟನಿ ಓದಿದೋಳು. ಮದುವೆಗೆ ಮುಂಚೆ ನಮ್ಮನೆ ಟೆರೇಸ್ ಮೇಲೆ ತೆಂಗಿನ ಚಿಪ್ಪಲ್ಲಿ ಆರ್ಕಿಡ್ ಕಟ್ಟಿದ್ಲು. ಅದೆಲ್ಲ ನನಗೆ ಗೊತ್ತಿತ್ತು. ಎರಡು ತಿಂಗಳು ಕೂತು ಪ್ಲಾನ್ ಮಾಡಿದ್ದೀನಿ, ಯೂಟ್ಯೂಬ್‌ನಲ್ಲಿ ಎಪ್ಪತ್ತು ವಿಡಿಯೋ ನೋಡಿದ್ದೀನಿ, ಅಕ್ಕನ್ನ ಒಂದ್ಸಲ ಕೇಳಿರಲಿಲ್ಲ.

ಸಿಂಗಾಪುರ ಬೊಟಾನಿಕ್ ಗಾರ್ಡನ್ಸ್ 1859ರದ್ದು, 2015ರಲ್ಲಿ ಯುನೆಸ್ಕೋ ಪಟ್ಟಿ ಸೇರ್ತು. ಒಳಗೆ ಹೋಗೋಕೆ ದುಡ್ಡಿಲ್ಲ, ಆರ್ಕಿಡ್ ಗಾರ್ಡನ್‌ಗೆ ಮಾತ್ರ ಟಿಕೆಟ್. ಅದೇ ತೋಟದ ಇನ್ನೊಂದು ತುದಿಯಲ್ಲಿ ಜೇಕಬ್ ಬಲ್ಲಾಸ್ ಮಕ್ಕಳ ತೋಟ ಇದೆ. ಅಲ್ಲಿನ ನಿಯಮ ನನಗೆ ತುಂಬಾ ಇಷ್ಟ ಆಯ್ತು: ದೊಡ್ಡವರಿಗೆ ಒಂಟಿಯಾಗಿ ಪ್ರವೇಶ ಇಲ್ಲ, ಜೊತೆಯಲ್ಲಿ ಮಗು ಇದ್ರೆ ಮಾತ್ರ ಒಳಗೆ. ಭಾವ ಇಬ್ಬರನ್ನೂ ಕರ್ಕೊಂಡು ಅಲ್ಲಿಗೆ ಹೋದ್ರು. ನಾನೂ ಅಮ್ಮನೂ ಕೆರೆ ಹತ್ರ ಕೂತ್ವಿ. ಅಕ್ಕ ಒಂದು ನೀರಿನ ಬಾಟಲಿ ಹಿಡ್ಕೊಂಡು ಒಬ್ಬಳೇ ಹೊರಟ್ಲು. ಹತ್ತು ಹೆಜ್ಜೆ ಹೋಗಿ ವಾಪಸ್ ಬಂದು, "ವೈಪ್ಸ್ ಸಣ್ಣ ಜಿಪ್ಪಲ್ಲಿದೆ" ಅಂದ್ಲು. "ಹೋಗೇ" ಅಂದ್ರು ಅಮ್ಮ.

ಎರಡೂವರೆ ಗಂಟೆ ಆಯ್ತು. ಭಾವ ಎರಡು ಸಲ ಫೋನ್ ಮಾಡಿದ್ರಂತೆ, ಅಕ್ಕ ತೆಗೀಲಿಲ್ಲ. ಒಂದು ಸಲ ಬಟ್ಟೆ ಎಲ್ಲಿದೆ ಅಂತ, ಇನ್ನೊಂದು ಸಲ ಚಿನ್ನು ಮಂಡಿ ತರಚ್ಕೊಂಡ ಅಂತ. ಎರಡಕ್ಕೂ ಅವರೇ ದಾರಿ ಹುಡುಕಿದ್ರು.

ವಾಪಸ್ ಬಂದಾಗ ಅಕ್ಕ ಒಂದೇ ಸಮನೆ ಮಾತಾಡ್ತಿದ್ಲು. ಸಿಂಗಾಪುರದ ರಾಷ್ಟ್ರೀಯ ಹೂವು ವಾಂಡಾ ಮಿಸ್ ಜೋಕಿಂ ಅಂತ, ಅದೊಂದು ಹೈಬ್ರಿಡ್ ಅಂತ, ನಮ್ಮ ಪಶ್ಚಿಮ ಘಟ್ಟದ ಸೀತಾಳೆ ದಂಡೆ ಹೀಗಲ್ಲ ಗೊಂಚಲಾಗಿ ಇಳಿಬೀಳುತ್ತೆ ಅಂತ, ತಂಪು ಬೇಕಾದ ಗಿಡಗಳಿಗೆ ಗಾಜಿನ ಮನೆಯಲ್ಲಿ ಬೆಟ್ಟದ ಹವೆ ಮಾಡಿಟ್ಟಿದಾರೆ ಅಂತ. ಅವಳು ಹೀಗೆ ಮಾತಾಡಿದ್ದು ನಾನು ಕೇಳಿ ವರ್ಷಗಳೇ ಆಗಿತ್ತು. ಪುಟ್ಟಿ ಓಡಿ ಬಂದು ಎತ್ಕೋ ಅಂದ್ಲು, ಎತ್ಕೊಂಡೇ ಮಾತು ಮುಂದುವರಿಸಿದ್ಲು.

ಸಾವಿರದ ನೂರ ನಲವತ್ತರ ಲೆಕ್ಕದಲ್ಲಿ ಅಕ್ಕನ ಫೋನಿನ ಅರವತ್ತಮೂರು ಆರ್ಕಿಡ್ ಫೋಟೋನೂ ಸೇರಿದೆ. ಅದರಲ್ಲಿ ಎಂಟನ್ನ ಅವಳ ಅನುಮತಿ ಕೇಳಿ ಇಲ್ಲಿ ಹಾಕಿದ್ದೀನಿ, ಸ್ವೈಪ್ ಮಾಡಿ. ಯಾವುದರಲ್ಲೂ ನಾವ್ಯಾರೂ ಇಲ್ಲ.

ತಿದ್ದಿದ ಶೀಟ್ ಬಯೋದಲ್ಲಿರೋ ಲಿಂಕಲ್ಲಿದೆ, ಕಾಪಿ ಮಾಡ್ಕೊಳ್ಳಿ. ಜಾಗಗಳನ್ನ ನಿಮಗೆ ಬೇಕಾದ ಹಾಗೆ ಬದಲಾಯಿಸಿ, ಬ್ಯಾಂಕಾಕ್ ಹಾಕಿ, ಕೌಲಾಲಂಪುರ ಹಾಕಿ, ನನಗೇನೂ ಇಲ್ಲ. ಆ ಒಂದು ಕಾಲಂ ಮಾತ್ರ ಅಳಿಸ್ಬೇಡಿ. ಮೊದಲ ಸಾಲಲ್ಲಿ ನಿಮ್ಮ ಹೆಸರೇ ಬರ್ಕೊಳ್ಳಿ. ನಿಮ್ಮನೆಯಲ್ಲಿ ಯಾರು ಯಾವ ಪಾಳಿ ತಗೊಂಡ್ರು ಅಂತ ಕಮೆಂಟಲ್ಲಿ ಹೇಳಿ. ಖರ್ಚಿನ ಲೆಕ್ಕ ಭಾನುವಾರ ಹಾಕ್ತೀನಿ, ಭಾವ ಇನ್ನೂ ರಸೀದಿ ಹುಡುಕ್ತಿದಾರೆ.

#ಸಿಂಗಾಪುರ #ಮಕ್ಕಳಜೊತೆಟ್ರಿಪ್ #ಮಗುಯಾರಹತ್ರ #ಕನ್ನಡದಲ್ಲಿಪ್ರವಾಸ